ಮರ ಕಾಯುವವನ ಕೂಲಿ

ಮರ ಕಡಿಯದಂತೆ ತಡೆಯಲು ಕಾನೂನಿದೆ. ಮರ ಬೆಳೆಸಿದವನಿಗೆ ಹಣ ನೀಡುವ ಯೋಜನೆಯೂ ಇದೆ. ಸೃಷ್ಟಿಯನ್ನು ಕಾಯುವುದು ಕರ್ತವ್ಯವಾದರೆ ಅದಕ್ಕೆ ಹಣವೇಕೆ? ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ನ್ಯಾಯದ ಬೆಳಕಿನಲ್ಲಿ ಇದನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಯ ಮರಗಳನ್ನು ಸ್ವಂತ ಜಮೀನಿನಲ್ಲೂ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಇದರ ಜತೆಗೆ 2011-12ರಲ್ಲಿ ಅರಣ್ಯ ಇಲಾಖೆಯು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು. ರಿಯಾಯಿತಿ ದರದ ಸಸಿಗಳನ್ನು ನೆಟ್ಟ ರೈತನಿಗೆ, ಬದುಕುಳಿದ ಪ್ರತಿ ಸಸಿಗೂ ಮೂರು ವರ್ಷ ಪ್ರೋತ್ಸಾಹಧನ ಸಲ್ಲುತ್ತದೆ. ಒಂದು ಹಂತದಲ್ಲಿ ಒಟ್ಟು 100 ರೂಪಾಯಿ ಇದ್ದದ್ದು ಬಳಿಕ 125ಕ್ಕೆ ಏರಿತು. ಒಣಗಿದ ಸಸಿಗೆ ಹಣವಿಲ್ಲ.

ಕಾನೂನು ಕೊಡಲಿಯನ್ನು ತಡೆಯಬಲ್ಲದು; ಗುಣಿ ತೋಡಿಸಿ ಸಸಿ ನೆಡಿಸಲಾರದು. ಶ್ರೀಗಂಧದ ಕಥೆಯೇ ಇದಕ್ಕೆ ಸಾಕ್ಷಿ. ರೈತನ ಹೊಲದಲ್ಲಿ ಬೆಳೆದ ಗಂಧವೂ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಆದ್ದರಿಂದ ಅದನ್ನು ಬೆಳೆಸಲು ರೈತ ಅಂಜಿದ. 2001ರ ತಿದ್ದುಪಡಿ ಮರದ ಒಡೆತನವನ್ನು ಭೂಮಾಲೀಕನಿಗೆ ನೀಡಿದ ಮೇಲೆಯೇ ರೈತರು ಗಂಧವನ್ನು ಬೆಳೆಯಾಗಿ ನೆಡತೊಡಗಿದರು.

ಬದುವಿನ ಮೇಲಿನ ಹುಣಸೆ, ಹೊಂಗೆ, ಬೇವುಗಳು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತವೆ, ಮಳೆನೀರನ್ನು ಇಂಗಿಸುತ್ತವೆ. ಲಾಭ ನೆರೆಹೊರೆಯವರಿಗೂ ಉಂಟು. ನೆರಳಿನಡಿ ಕುಗ್ಗಿದ ರಾಗಿಯ ನಷ್ಟ ಮಾತ್ರ ಒಬ್ಬನದು. ಆ ನಷ್ಟವನ್ನು ಸಮಾಜ ಹಂಚಿಕೊಳ್ಳುವುದು ದಾನವಲ್ಲ, ನ್ಯಾಯ. ಸ್ವತ್ತು ತನ್ನದಾಗಿದ್ದರೂ ಅದರ ಬಳಕೆ ಎಲ್ಲರ ಹಿತಕ್ಕಾಗಿರಬೇಕೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಅದೇ ತತ್ತ್ವವನ್ನು ಎತ್ತಿಹಿಡಿದರು.

ಆದರೆ ಇದಕ್ಕೊಂದು ಮೇರೆಯುಂಟು. ಕೆರೆಯಂಗಳ ಒತ್ತಿದವನು, ಹಳ್ಳದ ಮರಳು ಮಾರಿದವನು ತನ್ನ ಅನ್ಯಾಯವನ್ನು ನಿಲ್ಲಿಸಲು ಕೂಲಿ ಕೇಳುವಂತಿಲ್ಲ. ಅಲ್ಲಿ ಕಾನೂನೇ ನಡೆಯಬೇಕು. ಇನ್ನೊಂದು ಮಾತು: ಹಣ ಪಹಣಿ ಇದ್ದವನ ಖಾತೆಗೆ ಸೇರುತ್ತದೆ. ಬೇಸಿಗೆಯಲ್ಲಿ ಕೊಡ ಹೊತ್ತು ಸಸಿಗೆ ನೀರೆರೆದವಳು ಭೂಮಿಯಿಲ್ಲದ ಕೂಲಿಯವಳಾಗಿದ್ದರೆ, ಅವಳ ಪಾಲನ್ನು ಮರೆಯುವುದು ಪಾಪ. ಕುರಿ ಮೇಯಿಸುವವರ ದಾರಿಯನ್ನು ಬೇಲಿ ಹಾಕಿ ಮುಚ್ಚುವುದೂ ಧರ್ಮವಲ್ಲ. ಸರ್ಕಾರವೂ ಸಸಿಗಳನ್ನು ಪ್ರಾಮಾಣಿಕವಾಗಿ ಎಣಿಸಿ, ಹಣವನ್ನು ಸಕಾಲದಲ್ಲಿ ಸಲ್ಲಿಸಬೇಕು.

1933ರ ಬಳಿಕ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಮಳೆಯನ್ನೇ ನಂಬಿ ಕೂರುವಂತಿಲ್ಲ. ಜಮೀನುಳ್ಳ ಕುಟುಂಬಗಳು ಮುಂಗಾರಿಗೆ ಮುನ್ನವೇ ವಲಯ ಅರಣ್ಯ ಕಚೇರಿಯನ್ನು ವಿಚಾರಿಸಲಿ. ಭೂಮಿಯಿರುವ ಧರ್ಮಕೇಂದ್ರಗಳೂ ಕಾನ್ವೆಂಟುಗಳೂ ಮೊದಲು ನೆಟ್ಟು ದಾರಿ ತೋರಲಿ. ಪ್ರೋತ್ಸಾಹಧನ ಮೂರು ವರ್ಷಕ್ಕೆ ಮುಗಿಯುತ್ತದೆ. ನಾಲ್ಕನೆಯ ವರ್ಷದಿಂದ ಮರವನ್ನು ಕಾಯಬೇಕಾದದ್ದು ನಮ್ಮ ಮನಸ್ಸಾಕ್ಷಿ.