ಕಾಯಿಲೆಯಿಲ್ಲದ ಮಗುವಿಗೂ ತಪಾಸಣೆ ಬೇಕು

ಮಗುವಿಗೆ ಜ್ವರ ಬಂದರೆ ತಾಯಿ ನಡುರಾತ್ರಿಯಲ್ಲೂ ವೈದ್ಯರ ಬಾಗಿಲು ತಟ್ಟುತ್ತಾಳೆ. ಅದೇ ಮಗು ಆಡಿಕೊಂಡಿರುವಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಅನಗತ್ಯವೆನಿಸುತ್ತದೆ. ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವ ಅಧಿಕಾರಿಗಳನ್ನು ನನ್ನ ಸೇವಾವಧಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಬೇರೊಂದು ಲೆಕ್ಕ ಕಾಣುತ್ತದೆ. ತಪಾಸಣೆ ಉಚಿತ; ಅದಕ್ಕಾಗಿ ಕಳೆದುಕೊಳ್ಳುವ ದಿನಗೂಲಿ ಉಚಿತವಲ್ಲ. ನಷ್ಟ ಇಂದೇ ಕಾಣುತ್ತದೆ. ಲಾಭ ವರ್ಷಗಳ ನಂತರದ್ದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರ ಪ್ರಮಾಣ 2015-16ರಲ್ಲಿ ಶೇ 62.6 ಇದ್ದುದು, 2019-21ರ ಸಮೀಕ್ಷೆಯಲ್ಲಿ ಶೇ 84.1ಕ್ಕೆ ಏರಿತು. ಆದರೆ ಐದು ವರ್ಷದೊಳಗಿನವರಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ ಶೇ 36.2ರಿಂದ ಶೇ 35.4ಕ್ಕಷ್ಟೇ ಇಳಿಯಿತು. ಇದಕ್ಕೆ ಆಹಾರ, ನೈರ್ಮಲ್ಯ, ತಾಯಿಯ ಆರೋಗ್ಯ ಹೀಗೆ ಕಾರಣಗಳು ಹಲವು. ಆದರೂ ಒಂದು ಮಾತು ಸ್ಪಷ್ಟ: ಚುಚ್ಚುಮದ್ದಿಗೆಂದು ಮಗು ಬಂದರಷ್ಟೇ ಸಾಲದು, ಅದರ ಬೆಳವಣಿಗೆಯನ್ನು ಅಳೆದು ತಾಯಿಗೆ ತಿಳಿಹೇಳಬೇಕು. ಎರಡು ವರ್ಷದೊಳಗಿನ ಲಸಿಕೆಗಳು ಮುಗಿದರೆ ಮುಂದಿನ ಚುಚ್ಚುಮದ್ದು ಐದನೇ ವರ್ಷಕ್ಕೆ. ನಡುವಿನ ಮೂರು ವರ್ಷ ಕರೆತರಲು ತಾಯಿಗೆ ಕಾರಣವೇ ತೋರುವುದಿಲ್ಲ.

ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳ ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ವಿಶೇಷ ಶಿಬಿರಗಳಿಲ್ಲದ ಹಳ್ಳಿಗಳಲ್ಲಿ ಶೇ 6ರಷ್ಟು ಮಕ್ಕಳಿಗಷ್ಟೇ ಪೂರ್ಣ ಲಸಿಕೆಯಾಗಿತ್ತು. ನಿಗದಿತ ದಿನ ತಪ್ಪದೆ ಶಿಬಿರ ನಡೆದಲ್ಲಿ ಅದು ಶೇ 18 ಆಯಿತು. ಪ್ರತಿ ಲಸಿಕೆಗೆ ಒಂದು ಕಿಲೊ ಬೇಳೆ, ಎಲ್ಲವೂ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39 ತಲುಪಿತು. ಉಪದೇಶಕ್ಕಿಂತ ನಂಬಿಕೆಯ ಸೇವೆ ಮತ್ತು ಪುಟ್ಟದೊಂದು ಪರಿಹಾರ ಹೆಚ್ಚು ಫಲ ಕೊಟ್ಟವು.

ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಅಂದು ತೂಕ, ಎತ್ತರ, ನಡೆನುಡಿಯ ಬೆಳವಣಿಗೆ ನೋಡದೆ ಯಾವ ಮಗುವನ್ನೂ ಕಳುಹಿಸಬಾರದು. ಮುಂದಿನ ಭೇಟಿಯ ದಿನವನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡಬೇಕು. ಎರಡು ವರ್ಷ ದಾಟಿದವರ ತಪಾಸಣೆಯನ್ನು ಅಂಗನವಾಡಿಯಲ್ಲೇ ಗೊತ್ತಾದ ದಿನದಂದು ನಡೆಸಬೇಕು. ನಗರದ ಆರೋಗ್ಯ ಕೇಂದ್ರಗಳು ದುಡಿಯುವ ತಾಯಂದಿರಿಗಾಗಿ ಸಂಜೆಯ ವೇಳೆಯನ್ನೂ ಮೀಸಲಿಡಬೇಕು.

ಸರ್ಕಾರದ ಪಾಲು ಇಷ್ಟಾದರೆ ನಮ್ಮ ಪಾಲೂ ಇದೆ. ಮನೆಗೆಲಸದಾಕೆ ಮಗುವಿನ ತಪಾಸಣೆಗೆಂದು ಅರ್ಧ ದಿನ ಕೇಳಿದರೆ ಸಂಬಳ ಹಿಡಿಯದೆ ಕಳುಹಿಸೋಣ. ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.