ಹದಿನೆಂಟಕ್ಕೆ ಆರು: ಇದ್ಯಾವ ಬಡ್ಡಿ ಲೆಕ್ಕ ಸ್ವಾಮೀ?

ನಮ್ಮ ಘೋಡಬಂದರ್ ರಸ್ತೆಗೆ ಆ ಹೆಸರು ಬಂದದ್ದು ಕುದುರೆ ವ್ಯಾಪಾರದಿಂದ ಅಂತಾರೆ. ಪೋರ್ಚುಗೀಸರ ಕಾಲದಲ್ಲಿ ಅರಬ್ ಕುದುರೆಗಳು ಇಲ್ಲಿಯ ಖಾಡಿಯಲ್ಲಿ ಇಳಿಯುತ್ತಿದ್ದವಂತೆ. ಈಗ ಕುದುರೆಯ ಬದಲು ಕಂಟೇನರ್ ಲಾರಿ. ಆದರೆ ಮಾಲು ಇಳಿದಲ್ಲಿ ಸುಂಕದವನೂ ಇರುತ್ತಾನೆ, ಅವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ ಎಂಬ ಗಾದೆಯೂ ಹಳತಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ತೆರಿಗೆಯ ವಿರೋಧಿಯಲ್ಲ. ಬ್ಯಾಂಕಿನವನು, ಲೆಕ್ಕ ಬೇಕು ಎನ್ನುವವನು. ನನ್ನ ತಕರಾರು ತಕ್ಕಡಿಯದ್ದು.

ಠಾಣೆಯಲ್ಲಿ ಆಕ್ಟ್ರಾಯ್ ಹೋಗಿ ೨೦೧೩ರಲ್ಲಿ ಎಲ್‌ಬಿಟಿ ಬಂತು. ನಾಕಾದಲ್ಲಿ ಲಾರಿ ನಿಲ್ಲುವುದು ತಪ್ಪಿತು, ನಿಜ. ಬದಲಿಗೆ ಅಂಗಡಿಯವನ ಪುಸ್ತಕವೇ ನಾಕಾ ಆಯಿತು. ಮುಂಬಯಿ ಸೀಮೆಯ ವ್ಯಾಪಾರಿಗಳು ಶಟರ್ ಎಳೆದು ಬೀದಿಗಿಳಿದರು. ೨೦೧೫ರ ಆಗಸ್ಟಿನಲ್ಲಿ ೫೦ ಕೋಟಿಯೊಳಗಿನ ವಹಿವಾಟಿನವರಿಗೆ ಅದನ್ನು ತೆಗೆದರು. ಆಮೇಲೆ ೨೦೧೭ರ ಜುಲೈಯಲ್ಲಿ ಜಿಎಸ್‌ಟಿ. ಪ್ರತಿ ಸಲವೂ ಹೊಸ ನೋಂದಣಿ, ಹೊಸ ಫಾರ್ಮು, ಹೊಸ ದಂಡ. ಗಲ್ಲಾದಲ್ಲಿ ಕೂತ ನಮ್ಮ ಹೋಟೆಲಿನವರು ದೋಸೆ ನೋಡಬೇಕೋ, ಪೋರ್ಟಲ್ ನೋಡಬೇಕೋ?

ಊರಿನ ಕಡೆಯ ಕಥೆ ಇನ್ನೂ ಚೆಂದ. ೨೦೨೫ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಬಾಬತ್ತು ೨೯ ಲಕ್ಷ ರೂಪಾಯಿ! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಮಾರಾಯ್ರೇ. ಬ್ಯಾಂಕಿನ ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ, ಖಾತೆಗೆ ಬಂದದ್ದೆಲ್ಲ ವಹಿವಾಟಲ್ಲ. ಅದರಲ್ಲಿ ಭಾವ ಕೊಟ್ಟ ಕೈಸಾಲ ಇರುತ್ತದೆ, ಚೀಟಿ ಹಣ ಇರುತ್ತದೆ, ಮಗ ಕಳಿಸಿದ ಮನೆಖರ್ಚು ಇರುತ್ತದೆ. ಬೆಂಗಳೂರಿನ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬರೆದು ಹಾಕಿದ ಮೇಲಷ್ಟೇ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದದ್ದು. ಡಿಜಿಟಲ್ ಆಗಿ ಎಂದವರೂ ಸರಕಾರವೇ, ಆದದ್ದಕ್ಕೆ ನೋಟಿಸು ಕೊಟ್ಟವರೂ ಸರಕಾರವೇ.

"ತೆರಿಗೆಗಳ್ಳರು ಇಲ್ಲವೇ?" ಅಂತ ಕೇಳುತ್ತೀರಿ. ಇದ್ದಾರೆ, ಹಿಡಿಯಲಿ. ಆದರೆ ಈಗ ಲೆಕ್ಕ ನೋಡಿ.

ವ್ಯಾಪಾರಿ ಜಿಎಸ್‌ಟಿ ತಡಮಾಡಿದರೆ ವರ್ಷಕ್ಕೆ ಶೇ. ೧೮ ಬಡ್ಡಿ, ಗಡುವು ದಾಟಿದ ಮರುದಿನದಿಂದಲೇ. ಅವನಿಗೆ ಬರಬೇಕಾದ ರಿಫಂಡನ್ನು ಸರಕಾರ ತಡಮಾಡಿದರೆ? ಮೊದಲ ೬೦ ದಿನ ಸೊನ್ನೆ, ಆಮೇಲೆ ಶೇ. ೬. ನಮ್ಮ ಬ್ಯಾಂಕಿನಲ್ಲಿ ಸಾಲಕ್ಕೂ ಠೇವಣಿಗೂ ಇಷ್ಟು ಅಂತರ ಇಟ್ಟರೆ ಗಿರಾಕಿ ಕೌಂಟರಿನ ಗಾಜು ಒಡೆದಾನು.

ಇನ್ನೊಂದು. ತೆರಿಗೆ ಇರುವ ರಿಟರ್ನ್ ತಡವಾದರೆ ದಿನಕ್ಕೆ ೫೦ ರೂ. ಶುಲ್ಕ, ಕಂಪ್ಯೂಟರ್ ತಾನಾಗಿಯೇ ಹಾಕುತ್ತದೆ. ಕರ್ನಾಟಕದ ಸಕಾಲದಲ್ಲಿ ಕಚೇರಿ ತಡಮಾಡಿದರೆ ಅರ್ಜಿದಾರನಿಗೆ ದಿನಕ್ಕೆ ೨೦ ರೂ., ಹೆಚ್ಚೆಂದರೆ ೫೦೦. ಅದೂ ಮೇಲ್ಮನವಿ ಹಾಕಿ ಕೇಳಿ ಪಡೆಯಬೇಕು. ಇಲ್ಲಿ ಮಹಾರಾಷ್ಟ್ರದಲ್ಲಿ ೨೦೧೫ರ ಸೇವಾ ಹಕ್ಕು ಕಾಯ್ದೆಯಂತೆ ತಪ್ಪಿದ ಅಧಿಕಾರಿಗೆ ೫೦೦ರಿಂದ ೫೦೦೦ ರೂ. ದಂಡವಿದೆ. ಆದರೆ ನಾಳೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಾದ ಅಂಗಡಿಯವ ದೂರು ಕೊಟ್ಟಾನೆಯೇ? ನೀವೇ ಹೇಳಿ.

ನಾನು ಕೇಳುವುದು ಎರಡೇ. ಒಂದು, ಎರಡೂ ಕಡೆಗೆ ಒಂದೇ ಬಡ್ಡಿ. ಎರಡು, ಗಡುವಿನೊಳಗೆ ಕಚೇರಿ ಬಾಯಿ ಬಿಡದಿದ್ದರೆ ಪರವಾನಗಿ ಮಂಜೂರಾಯಿತು ಎಂದೇ ಅರ್ಥ. ಇದೇನೂ ಕನಸಲ್ಲ. ಜಿಎಸ್‌ಟಿ ನೋಂದಣಿಯಲ್ಲೇ ಈ ನಿಯಮವಿದೆ. ಆಧಾರ್ ದೃಢೀಕರಿಸಿದ ಸಾಮಾನ್ಯ ಅರ್ಜಿಗೆ ೭ ಕೆಲಸದ ದಿನ ಅಧಿಕಾರಿ ಸುಮ್ಮನಿದ್ದರೆ ನೋಂದಣಿ ಆದಂತೆ. ಅಲ್ಲಿ ಆಗುವುದು ಹೋಟೆಲ್ ಲೈಸೆನ್ಸಿಗೆ, ಬೋರ್ಡು ಹಾಕುವ ಅನುಮತಿಗೆ ಯಾಕಾಗದು?

ನಮ್ಮವರಿಗೂ ಒಂದು ಮಾತು. ಕ್ಯೂಆರ್ ಕಿತ್ತು ಹಾಕಬೇಡಿ. ಅಂಗಡಿಗೊಂದು, ಮನೆಗೊಂದು ಖಾತೆ ಇಡಿ. ಯಾವ ಅರ್ಜಿ ಕೊಟ್ಟರೂ ತಾರೀಕು ಹಾಕಿದ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ಆ ತುಂಡು ಕಾಗದವಿಲ್ಲದಿದ್ದರೆ ತಡವಾದದ್ದು ಯಾರಿಂದ ಎಂದು ಸಾಬೀತು ಮಾಡುವುದು ಹೇಗೆ?

ಸಂಘದ ವಾರ್ಷಿಕ ಸಭೆಗಳಲ್ಲಿ ಶಾಲು ಹೊದಿಸಿಕೊಳ್ಳಲು ಬರುವ ಮಂತ್ರಿಗಳನ್ನು ಇನ್ನು ಮುಂದೆ ಒಂದೇ ಪ್ರಶ್ನೆ ಕೇಳೋಣ: ನಮಗೆ ಹದಿನೆಂಟು, ನಿಮಗೆ ಆರು, ಯಾಕೆ?