ಗೂಡಿನ ಮುಂದೆ ಕ್ಯಾಮೆರಾ

ದಾವಣಗೆರೆಯ ನಿಟ್ಟುವಳ್ಳಿಯ ವಿದ್ಯಾರ್ಥಿಗೆ ಹಕ್ಕಿ ನೋಡಲು ಮಲೆನಾಡಿಗೇ ಬರಬೇಕೆಂದಿಲ್ಲ. ಕುಂದವಾಡ ಕೆರೆ, ಹರಿಹರದ ತುಂಗಭದ್ರೆಯ ದಂಡೆ ಸಾಕು. ಅಲ್ಲಿಯಾಗಲಿ ನಮ್ಮ ಕಾಡಿನಲ್ಲಾಗಲಿ, ಚಿತ್ರ ಸ್ಪಷ್ಟವಾಗಿ ಬರಲೆಂದು ಗೂಡಿಗೆ ಮರೆಯಾದ ಕೊಂಬೆಯನ್ನು ಕಡಿಯುವುದು, ಧ್ವನಿಮುದ್ರಿತ ಕೂಗು ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವುದು ಯಾವ ಕಲೆ? ಮರೆ ಕಳೆದುಕೊಂಡ ಗೂಡು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ. ತಾಯಿ ಬೆದರಿ ಎದ್ದುಹೋದರೆ ಮೊಟ್ಟೆಗೆ ಕಾವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ 'ಬೇಟೆ' ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಬಂದೂಕಿಲ್ಲದ ಬೇಟೆಗಾರರು ಇದನ್ನು ಓದಿಕೊಳ್ಳಲಿ.

ಕುಂಚ ಹಿಡಿದವರೆಲ್ಲ ನಿರ್ದೋಷಿಗಳೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಆಡುಬಾನ್ ಹಕ್ಕಿಗಳನ್ನು ಗುಂಡಿಕ್ಕಿ ಕೊಂದು, ತಂತಿ ಕಟ್ಟಿ ಭಂಗಿಗೆ ನಿಲ್ಲಿಸಿ ಜಲವರ್ಣದಲ್ಲಿ ಚಿತ್ರಿಸಿದ. 1827ರಿಂದ 1838ರವರೆಗೆ ಪ್ರಕಟವಾದ ಅವನ 435 ಚಿತ್ರಫಲಕಗಳನ್ನು ಜಗತ್ತು ಇಂದಿಗೂ ಕೊಂಡಾಡುತ್ತಿದೆ. ಅವನ ಕಾಲದಲ್ಲಿ ಇಂದಿನಂಥ ದುರ್ಬೀನು ಇರಲಿಲ್ಲ. ನಮಗೆ ಆ ನೆಪವೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ದೂರದಲ್ಲಿ ಕುಳಿತು ದುರ್ಬೀನಿನಲ್ಲಿ ನೋಡಿರಿ, ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳಿರಿ. ಬಣ್ಣವನ್ನು ಮನೆಯಲ್ಲಿ ತುಂಬಬಹುದು. ಛಾಯಾಚಿತ್ರ ಸ್ಪರ್ಧೆ ನಡೆಸುವವರು ಗೂಡಿನ ಚಿತ್ರಗಳನ್ನು ಸ್ವೀಕರಿಸಲೇಬಾರದು. ಗ್ರಾಮಸ್ಥ ಬಂಧುಗಳೇ, ನಿಮ್ಮ ತೋಟದ ಗೂಡುಗಳ ದಾರಿಯನ್ನು ಕ್ಯಾಮೆರಾದವರಿಗೆ ತೋರಿಸಬೇಡಿ, ಅವರು ನೂರು ರೂಪಾಯಿ ಕೊಟ್ಟರೂ.